ಅಮಲ್ದಾರನಿಗೊಬ್ಬ ಜೊತೆಗಾರ

ಕಾರ್ತಿಕ ಮುಗಿಯುತ್ತ ಬಂದಿತ್ತು. ಅರಸೀಕೆರೆಯಲ್ಲಿ ಆ ದಿನಗಳಲ್ಲಿ ಚಳಿ ಮೊದಲು ಮೊಣಕಾಲಿಗೆ ತಾಗುತ್ತದೆ, ಆಮೇಲೆ ಮಾತಿಗೆ. ಅವತ್ತು ಭಾನುವಾರ, ಇನ್ನೂ ಹಾಲಿನವರು ಬೀದಿಗೆ ಬಂದಿರದ ಹೊತ್ತು. ಬಾಗಿಲಿಗೆ ನೀರು ಹಾಕಲು ಎದ್ದ ಕಮಲಾಕ್ಷಮ್ಮ ಹಜಾರದ ದೀಪ ಹಾಕಿದಳು, ಗಾಜಿನ ತೊಟ್ಟಿಯ ಕಡೆ ನೋಡಿದಳು, ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟಳು.

"ರೀ, ಏಳ್ರೀ. ಇನ್ನೊಂದು ಹೋಯ್ತು."

ಅವಳ ಗಂಡ ಇಂದುಧರ ಕಂಬಳಿ ಹೊದ್ದುಕೊಂಡೇ ಎದ್ದು ಬಂದ. ಹಿಂದಿನ ವಾರ ತಂದಿದ್ದ ಕಿತ್ತಳೆ ಬಣ್ಣದ ಮೀನು ನೀರಿನ ಮೇಲೆ ಮಗ್ಗುಲಾಗಿ ತೇಲುತ್ತಿತ್ತು. ಅದರ ರೆಕ್ಕೆ ಹಳೇ ಸೀರೆಯ ಸೆರಗಿನಂತೆ ಎಳೆ ಎಳೆಯಾಗಿತ್ತು. ಕೆಳಗೆ ಹವಳದ ಕಲ್ಲಿನ ಮುಂದೆ ಅಮಲ್ದಾರ ಏನೂ ಆಗದವನಂತೆ ಗಸ್ತು ತಿರುಗುತ್ತಿದ್ದ.

ಅಮಲ್ದಾರ ಎಂದರೆ ಹೆಬ್ಬೆರಳಿಗಿಂತ ಒಂದಿಷ್ಟು ದೊಡ್ಡ ಮೀನು. ಇದ್ದಿಲಿನಂಥ ಕಪ್ಪು ಮೈ, ಹಣೆಯ ನಡುವೆ ವಿಭೂತಿ ಇಟ್ಟ ಹಾಗೆ ಒಂದು ಬಿಳಿ ಬೊಟ್ಟು. ಹಿಂದಿನ ಕಾಲದ ಅಮಲ್ದಾರರು ಕುದುರೆಯ ಮೇಲೆ ಕೂತು ಹಳ್ಳಿಯವರನ್ನು ನೋಡುತ್ತಿದ್ದ ರೀತಿಯಲ್ಲೇ ಅದು ಎಲ್ಲರನ್ನೂ ನೋಡುತ್ತಿತ್ತು. ಹಾಗಾಗಿ ಕಮಲಾಕ್ಷಮ್ಮನೇ ಅದಕ್ಕೆ ಆ ಹೆಸರಿಟ್ಟಿದ್ದಳು.

ಸಮುದ್ರ ನೋಡಬೇಕಾದರೆ ಆ ಸೀಮೆಯವರು ಘಟ್ಟ ಇಳಿಯಬೇಕು. ಇಂದುಧರನ ಮನೆಯಲ್ಲಿ ಅದು ಹಜಾರದಲ್ಲೇ ಇತ್ತು. ಬಿಕ್ಕೋಡಿನ ಹತ್ತಿರ ಕಾಫಿ ತೋಟವಿಟ್ಟಿದ್ದ ಧರ್ಮೇಶ್ ಎಂಬ ಸ್ನೇಹಿತ ತನಗೆ ದೊಡ್ಡ ತೊಟ್ಟಿ ಕಟ್ಟಿಸಿಕೊಂಡಾಗ, ಚಿಕ್ಕದನ್ನು ಉಪ್ಪುನೀರು, ಹವಳ, ಕಲ್ಲು, ಮರಳು, ಅಮಲ್ದಾರ ಸಮೇತ ಇವನಿಗೆ ಕೊಟ್ಟುಬಿಟ್ಟಿದ್ದ. ಆ ನೀರಿನಲ್ಲಿ ಹವಳಗಳು ಹೂವಿನಂತೆ ಬಿಚ್ಚಿಕೊಂಡು ಆಡುತ್ತಿದ್ದವು. ಲಿಂಗ ಕಟ್ಟಿದ ಮನೆಯಲ್ಲಿ ಮೀನು ಎಂದು ಮೊದಮೊದಲು ಕಮಲಾಕ್ಷಮ್ಮ ಮುಖ ಸಿಂಡರಿಸಿದ್ದಳು. ಆಮೇಲೆ ಅವಳೇ ದಿನಾ ಬೆಳಿಗ್ಗೆ ಕಾಳು ಹಾಕತೊಡಗಿದಳು. ಆ ಕಾಳಿನ ಡಬ್ಬಿಯ ಮೇಲೆ ಏನು ಬರೆದಿದೆ ಎಂದು ಇಂದುಧರ ಓದಿ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಮನೆಯ ಶಾಂತಿ ಅಷ್ಟರ ಮೇಲೆ ನಿಂತಿತ್ತು.

"ಕೇಳಿ ಇಲ್ಲಿ," ಎಂದಳು ಕಮಲಾಕ್ಷಮ್ಮ, ಸೊಂಟಕ್ಕೆ ಕೈ ಕೊಟ್ಟು. "ಇದು ಮೂರನೇ ಹೆಣ. ಇವತ್ತು ಹೋಗಿ ಇವನಿಗೆ ಹೊಂದೋ ಅಂಥದ್ದು ಒಂದು ತರೋದಾದ್ರೆ ತನ್ನಿ. ಅದೂ ಹಿಂಗೇ ತೇಲಿತೋ, ತೊಟ್ಟೀನ ವಾಪಸ್ ತೋಟಕ್ಕೆ ಕಳಿಸಿಬಿಡ್ತೀನಿ. ಬೆಳಗಾಗ್ತಿದ್ದಂಗೆ ಹೆಣ ಎತ್ತೋಕೆ ನಂದೇನು ಅದೇ ಕಸುಬಾ?"

ಇಂದುಧರ ಕೊಬ್ಬರಿ ವ್ಯಾಪಾರಿ. ದಿನವಿಡೀ ಮಂಡಿಯಲ್ಲಿ ಕೂಗಾಡಿ ಬಂದವನಿಗೆ ಸಂಜೆ ಬೆತ್ತದ ಕುರ್ಚಿ ಎಳೆದುಕೊಂಡು ಆ ನೀಲಿ ಬೆಳಕಿನ ಮುಂದೆ ಕೂರುವ ಗಳಿಗೆಯೇ ಶ್ರೀಶೈಲ. ಅಮಲ್ದಾರನೂ ಅಷ್ಟೇ, ಇವನು ಬಂದು ಕೂತರೆ ಸಾಕು, ತೊಟ್ಟಿಯ ಈ ತುದಿಯಿಂದ ಆ ತುದಿಗೆ ಬಾಣದಂತೆ ಹಾರಾಡುತ್ತಿದ್ದ. "ನೋಡೇ, ನನ್ನ ಕಂಡ್ರೆ ಏನು ಖುಷಿ ಅವನಿಗೆ!" ಎಂದು ಇಂದುಧರ ಅಡುಗೆಮನೆಗೆ ಕೂಗಿ ಹೇಳುತ್ತಿದ್ದ.

ಸುದ್ದಿ ಬೀದಿಗೆ ಹೋಗಲು ಹಾಲು ಕಾಯುವಷ್ಟು ಹೊತ್ತೂ ಬೇಕಾಗಲಿಲ್ಲ. ಎದುರುಮನೆಯ ರೇವಣಸಿದ್ದಪ್ಪ ಟೋಪಿ ಹಾಕಿಕೊಂಡು ಬಂದ. ಊರಿನ ಅರ್ಧ ಮದುವೆಗಳನ್ನು ಕೂಡಿಸಿದವನು ತಾನೇ ಎಂದು ಅವನ ಹೆಮ್ಮೆ. ಉಳಿದ ಅರ್ಧ ಮುರಿದವನೂ ಅವನೇ ಎಂದು ಊರಿನವರ ಅಭಿಪ್ರಾಯ.

"ಜಾತಕ ನೋಡ್ದೆ ತಂದ್ರೆ ಹಿಂಗೇ ಆಗೋದು ಇಂದುಧರಣ್ಣ," ಎಂದ ಅವನು ಸತ್ತ ಮೀನನ್ನು ಬಗ್ಗಿ ನೋಡುತ್ತ. "ಇವನು ಹುಟ್ಟಿದ್ದು ಯಾವತ್ತು?"

"ಸಮುದ್ರದಲ್ಲಿ ಹುಟ್ಟಿದ್ದು ಕಣಯ್ಯ. ನಾನೇನು ಬಾಣಂತಿ ಕೋಣೆ ಬಾಗಿಲಲ್ಲಿ ನಿಂತಿದ್ನಾ?"

"ಹೋಗ್ಲಿ, ಮನೆಗೆ ಬಂದದ್ದು?"

"ಮಂಗಳವಾರ."

"ಅದಕ್ಕೇ!" ಎಂದು ರೇವಣಸಿದ್ದಪ್ಪ ತೊಡೆ ತಟ್ಟಿದ. "ಉಗ್ರ. ಇದಕ್ಕೆ ತಣ್ಣನೆ ಸ್ವಭಾವದ್ದು ಬೇಕು. ಬಣ್ಣಕ್ಕೆ ಮರುಳಾಗಬೇಡಿ. ಇಲ್ಲೀವರೆಗೆ ನೀವು ತಂದದ್ದೆಲ್ಲ ಬರೀ ಬಣ್ಣ."

ಗಂಡಸಿಯ ಕಡೆಯಿಂದ ಹಾಲು ತರುವ ಮುದ್ದಮ್ಮ ಅಷ್ಟರಲ್ಲಿ ಕ್ಯಾನು ಇಳಿಸಿ ಹೊಸಿಲ ಮೇಲೆ ಕೂತಿದ್ದಳು. ಇಂದುಧರ ಅಭ್ಯಾಸದಂತೆ ಬೆರಳಿನ ಉಂಗುರದಿಂದ ಅವಳ ಕ್ಯಾನಿಗೆ ಟಕ್ ಟಕ್ ಎಂದು ಬಡಿದ. ಕೊಬ್ಬರಿಯವರ ಚಾಳಿ ಅದು. ತೆಂಗಿನಕಾಯಿ ವರ್ಷ ಪೂರ್ತಿ ಅಟ್ಟದ ಮೇಲೆ ಮಲಗಿ ಒಳಗೇ ಒಣಗಿ ಕೊಬ್ಬರಿಯಾಗುತ್ತದೆ. ಸುಲಿಯದೆ ಒಳಗಿನದನ್ನು ತಿಳಿಯಬೇಕಾದರೆ ಬಡಿದು ಕೇಳಬೇಕು. ಮೂವತ್ತು ವರ್ಷ ಕಾಯಿ ಬಡಿದ ಕೈ ಈಗ ಕಾಯಿಯೇ ಬೇಕೆನ್ನುತ್ತಿರಲಿಲ್ಲ. ಕಲ್ಲಂಗಡಿ, ಬಾಗಿಲು, ಕಾಫಿ ಲೋಟ, ಮೊಮ್ಮಕ್ಕಳ ತಲೆ, ಯಾವುದಾದರೂ ಆಯಿತು. ಮನೆಯವರಿಗೆ ಆ ಸದ್ದು ಗಡಿಯಾರದ ಸದ್ದಿನಂತೆ ಕಿವಿಗೆ ಬೀಳುವುದನ್ನೇ ಬಿಟ್ಟಿತ್ತು.

"ಕ್ಯಾನು ತುಂಬೈತೆ, ಬಡೀಬ್ಯಾಡಿ ಸ್ವಾಮಿ," ಎಂದಳು ಮುದ್ದಮ್ಮ. "ನಾನೊಂದ್ ಮಾತೇಳ್ಲಾ? ಕೊಟ್ಟಿಗೇಗೆ ಹೊಸ ಹಸ ತಂದ್ರೆ ಹಳೇದ್ರ ಪಕ್ಕ ಅಂಗೇ ಕಟ್ತೀವಾ? ಹಾಯ್ದು ಕೊಂದಾಕ್ತದೆ. ಮಧ್ಯ ಒಂದ್ ಗಳ ಅಡ್ಡ ಕಟ್ಬೇಕು. ನೋಡ್ಕಂಡು ನೋಡ್ಕಂಡು ಅವೇ ಹೊಂದ್ಕತವೆ."

ಇಂದುಧರ ಎರಡು ಸಲಹೆಯನ್ನೂ ಗಂಟು ಕಟ್ಟಿಕೊಂಡು ಬೇಲೂರು ಬಸ್ಸು ಹತ್ತಿದ.

ಬಿಕ್ಕೋಡಿನ ಜೀಪು ಹಿಡಿದು ತೋಟ ಮುಟ್ಟುವ ಹೊತ್ತಿಗೆ ಬಿಸಿಲು ಬಂದಿತ್ತು. ಧರ್ಮೇಶ್ ಪಂಚೆ ಮೇಲೆ ಕಟ್ಟಿಕೊಂಡು ತನ್ನ ದೊಡ್ಡ ತೊಟ್ಟಿಗೆ ಉಪ್ಪು ಕಲಸುತ್ತಿದ್ದ. ಇಂದುಧರ ಬಂದ ಕಾರಣ ಕೇಳಿ ನಕ್ಕ.

"ಹೆಣ್ಣು ನೋಡೋಕೆ ಬಂದಂಗೆ ಬಂದಿದೀಯಲ್ಲೋ! ಬಾ, ಒಂದೊಂದಾಗಿ ತೋರಿಸ್ತೀನಿ."

ಹಳದಿ ಎಲೆಯಂಥ ಒಂದು ಮೀನನ್ನು ಇಂದುಧರ ಆಸೆಯಿಂದ ನೋಡಿದ. "ಅದು ತಟ್ಟೆಯಷ್ಟು ದೊಡ್ಡದಾಗುತ್ತೆ, ನಿನ್ನ ತೊಟ್ಟೀಲಿ ತಿರುಗೋಕೂ ಜಾಗ ಸಾಲಲ್ಲ," ಎಂದ ಧರ್ಮೇಶ್. ಪಟ್ಟೆ ಪಟ್ಟೆಯದು? "ಅದು ಹವಳ ಕಿತ್ತು ತಿನ್ನುತ್ತೆ." ಕೆಂಪು ಚುಕ್ಕೆಯದು? "ಅಮಲ್ದಾರನ್ನೇ ನುಂಗುತ್ತೆ. ಕೊಡ್ಲಾ?"

"ಬೇಡಪ್ಪ! ಅವನಿಲ್ದೆ ನಾನು ಸಂಜೆ ಯಾರ ಮುಖ ನೋಡ್ಲಿ?"

ಧರ್ಮೇಶ್ ಬಲೆ ತರಲು ಒಳಗೆ ಹೋದ. ಇಂದುಧರ ಗಾಜಿಗೆ ಮುಖ ಒಡ್ಡಿ ಟಕ್ ಟಕ್ ಎಂದು ಮಾತಾಡಿಸಿದ. ಇದ್ದಬದ್ದ ಮೀನೆಲ್ಲ ದಿಕ್ಕಾಪಾಲಾಗಿ ಕಲ್ಲಿನ ಸಂದು ಸೇರಿದವು. ತೋಟದಲ್ಲಿ ಬೆಳೆದವು, ಜನ ಕಂಡರೆ ಸಂಕೋಚ ಎಂದುಕೊಂಡ. ಒಂದು ಮಾತ್ರ ಕದಲಲಿಲ್ಲ. ಮರಳಿನಲ್ಲಿ ಗುಳಿ ತೋಡಿಕೊಂಡು ತಲೆಯಷ್ಟೇ ಹೊರಗಿಟ್ಟು ಕೂತಿತ್ತು. ಮಾಸಲು ಹಳದಿ ಮೈ, ದಪ್ಪ ತುಟಿ. ಊಟಕ್ಕೆ ಉಪ್ಪು ಕಮ್ಮಿಯಾಗಿದ್ದರೂ ಹೇಳದೆ ಉಣ್ಣುವವರ ಮುಖ.

"ಅದಾ?" ಎಂದ ಧರ್ಮೇಶ್ ಬಲೆ ಹಿಡಿದು ಬಂದು. "ಅದು ಸಾಧು. ಬೆಳಗಿಂದ ಸಂಜೆತನಕ ಕೂತಲ್ಲೇ ಕೂತಿರುತ್ತೆ. ಯಾರ ತಂಟೆಗೂ ಹೋಗಲ್ಲ. ನಿಮ್ಮವನು ಮೇಲೆ ಓಡಾಡೋನು, ಇದು ತಳದಲ್ಲಿ ಇರೋದು. ಒಬ್ಬರ ದಾರಿಗೆ ಒಬ್ಬರು ಬರಲ್ಲ."

"ಇದರ ಮುಖ ಎಲ್ಲೋ ನೋಡಿದಂಗಿದೆಯಲ್ಲ," ಎಂದು ಇಂದುಧರ ತಲೆ ಕೆರೆದುಕೊಂಡ. ಆಮೇಲೆ ಹೊಳೆಯಿತು. "ನಮ್ಮ ಭಾವ! ಕಮಲಾಕ್ಷಿ ಅಣ್ಣ, ಜಾವಗಲ್ಲಿನ ಷಡಕ್ಷರಪ್ಪನವರು! ಥೇಟ್ ಅವರೇ!"

"ಹಂಗಾದ್ರೆ ನೆಂಟಸ್ತಿಕೆ ಕೂಡೇ ಬಂತು," ಎಂದ ಧರ್ಮೇಶ್. ಮೀನನ್ನು ನೀರಿನ ಚೀಲಕ್ಕೆ ಇಳಿಸಿ, ಗಾಳಿ ತುಂಬಿ, ಬಾಯಿ ಕಟ್ಟುತ್ತ ಕೇಳಿದ: "ತೊಟ್ಟಿ ಹತ್ರ ಗಲಾಟೆ ಗಿಲಾಟೆ ಏನಿಲ್ಲ ತಾನೆ? ಟಿವಿ, ಮಿಕ್ಸಿ, ಹುಡುಗ್ರು? ಸದ್ದಿಗೆ ಕೆಲವು ಮೀನು ಕೆರಳುತ್ವೆ."

"ನಮ್ಮನೇಲಾ? ಮಠ ಇದ್ದಂಗಿದೆ ಕಣೋ," ಎಂದ ಇಂದುಧರ, ಪಕ್ಕದಲ್ಲಿ ನಿಂತಿದ್ದ ಜೀಪಿನ ಬಾನೆಟ್ಟಿಗೆ ಟಕ್ ಟಕ್ ಬಡಿಯುತ್ತ.

ಬೇಲೂರಿನಲ್ಲಿ ಬಸ್ಸು ಹತ್ತಿದಾಗ ಚೀಲವನ್ನು ಶಾಲಿನೊಳಗೆ ಎದೆಗೊತ್ತಿ ಹಿಡಿದಿದ್ದ. ಹಳೇಬೀಡಿನಲ್ಲಿ ಪಕ್ಕಕ್ಕೆ ಕೆಂಚಪ್ಪ ಎಂಬ ರೈತ ಬಂದು ಕೂತ. ಅವನ ಕಂಕುಳಲ್ಲಿ ಒಂದು ಕೆಂಪು ಹುಂಜ. ಸ್ವಲ್ಪ ದೂರ ಹೋದಮೇಲೆ ಮೀನು ಹೇಗಿದೆಯೋ ಎಂಬ ಚಿಂತೆಯಿಂದ ಇಂದುಧರ ಶಾಲು ಸರಿಸಿ ಚೀಲ ಎತ್ತಿ ನೋಡಿದ. ಅವನ ಜೊತೆ ಕೆಂಚಪ್ಪನೂ ನೋಡಿದ, ಹುಂಜವೂ ನೋಡಿತು.

"ಯಾವ ಕೆರೇದು ಸ್ವಾಮಿ?"

"ಕೆರೇದಲ್ಲಪ್ಪ, ಸಮುದ್ರದ್ದು."

"ಸಮುದ್ರಕ್ಕೋಗಿ ಒಂದೇ ತಂದ್ರಾ? ಒಂದ್ರಾಗೆ ಏನ್ ಸಾರಾದೀತು? ಮುಳ್ಳು ಬ್ಯಾರೆ ಕಾಣ್ತದೆ."

ಬಸ್ಸಿಗೆ ಬಸ್ಸೇ ನಕ್ಕಿತು. ಹಣೆಯ ತುಂಬ ವಿಭೂತಿ ಇಟ್ಟ ಇಂದುಧರ ಬೆವೆತ. "ಸಾರಿಗಲ್ಲ ಕಣಯ್ಯ, ಸಾಕೋಕೆ" ಎಂದು ಅವನು ಹೇಳುವಷ್ಟರಲ್ಲಿ ಬಸ್ಸು ಜಾವಗಲ್ಲಿನಲ್ಲಿ ನಿಂತಿತ್ತು, ಬಾಗಿಲಲ್ಲಿ ಒಬ್ಬರು ಹತ್ತಿ ಬಂದು ಎದುರಿಗೇ ನಿಂತಿದ್ದರು. ಬಿಳಿ ಪಂಚೆ, ದಪ್ಪ ತುಟಿ, ಕೈಯಲ್ಲಿ ಮುಚ್ಚಳದ ಸ್ಟೀಲ್ ತಂಬಿಗೆ. ಷಡಕ್ಷರಪ್ಪನವರು. ಹೊರಗಡೆ ನೀರು ಮುಟ್ಟದವರು ಅವರು, ಎಲ್ಲಿಗೆ ಹೋದರೂ ಮನೆಯ ನೀರು ಜೊತೆಗೆ. ದಿನದ ಮಾತನ್ನು ಬೆಳಿಗ್ಗೆಯೇ ಅಳೆದಿಟ್ಟುಕೊಂಡು ಖರ್ಚು ಮಾಡುವವರು ಬೇರೆ.

"ಇಂದುಧರ," ಎಂದರು. ಕಣ್ಣು ಚೀಲದ ಮೇಲಿತ್ತು.

"ಭಾವ, ಇದು... ಇದು ಮನೇಲಿ ಸಾಕೋದು. ಗಾಜಿನ ತೊಟ್ಟಿ ಇಟ್ಟಿದೀನಿ. ನೀವು ಈಚೆಗೆ ನಮ್ಮ ಕಡೆ ಬಂದೇ ಇಲ್ಲವಲ್ಲ..."

"ತಂಗಿಗೆ ಗೊತ್ತಾ?"

"ಅವಳೇ ಕಾಳು ಹಾಕೋದು ಭಾವ!"

ಷಡಕ್ಷರಪ್ಪ ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಅಷ್ಟರಲ್ಲಿ ಬಸ್ಸು ಒಂದು ಹಳ್ಳ ಇಳಿದು ಏರಿತು. ಹಳದಿ ಬಣ್ಣದ್ದು ಕಣ್ಣೆದುರಿಗೇ ಅಲ್ಲಾಡಿದ್ದು ಕಂಡು ಹುಂಜಕ್ಕೆ ತಡೆಯಲಾಗಲಿಲ್ಲ. ಕುತ್ತಿಗೆ ಚಾಚಿ ಒಂದೇ ಏಟು ಕುಕ್ಕಿತು. ಚೀಲದಿಂದ ಉಪ್ಪುನೀರು ಚಿಲ್ಲನೆ ಚಿಮ್ಮಿ ಇಂದುಧರನ ಪಂಚೆ ನೆನೆಯಿತು.

"ಅಯ್ಯಯ್ಯೋ, ಹೋಯ್ತು! ಹೋಯ್ತು ನನ್ನ ತೊಟ್ಟಿ!" ಎಂದು ಅವನು ತೂತಿಗೆ ಬೆರಳು ಒತ್ತಿ ಕೂಗಿದ. "ಪಾತ್ರೆ ಕೊಡ್ರಪ್ಪ ಯಾರಾದ್ರೂ! ಸಿಹಿನೀರು ಆಗಲ್ಲ, ಬರೀ ಪಾತ್ರೆ!"

"ನನ್ನ ಹುಂಜಕ್ಕೆ ಉಪ್ಪು ತಿನ್ನುಸ್ಬಿಟ್ರಲ್ಲ!" ಎಂದು ಕೆಂಚಪ್ಪ ತಿರುಗಿಬಿದ್ದ. ಕಂಡಕ್ಟರು ಶೀಟಿ ಊದಿದ. ಯಾರೋ ಛತ್ರಿ ಬಿಚ್ಚಿ ಹಿಡಿದರು, ಅದರಿಂದ ಏನು ಪ್ರಯೋಜನವೋ ದೇವರಿಗೇ ಗೊತ್ತು. ಷಡಕ್ಷರಪ್ಪ ಒಂದು ಕ್ಷಣ ಮೀನಿನ ಮುಖ ನೋಡಿದರು. ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ, ಅದೂ ಅವರನ್ನು ನೋಡಿತು. ಅವರು ತಂಬಿಗೆಯ ಮುಚ್ಚಳ ತೆಗೆದು, ಮನೆಯ ನೀರನ್ನೆಲ್ಲ ಕಿಟಕಿಯಿಂದ ಚೆಲ್ಲಿ, ಪಾತ್ರೆಯನ್ನು ಮುಂದೆ ಹಿಡಿದರು.

"ಹುಯ್ಯಿ," ಎಂದರು.

ಅಲ್ಲಿಂದ ಅರಸೀಕೆರೆಯವರೆಗೆ ತಂಬಿಗೆ ಅವರ ತೊಡೆಯ ಮೇಲೇ ಇತ್ತು. ಕಡೂರಿಗೆ ರೈಲು ಹಿಡಿಯಬೇಕಾಗಿದ್ದವರು ಹಿಡಿಯಲಿಲ್ಲ. "ಮನೆತನಕ ಬರ್ತೀನಿ," ಎಂದಷ್ಟೇ ಹೇಳಿ, ಬಗ್ಗಿ ಬಗ್ಗಿ ತಂಬಿಗೆಯೊಳಗೆ ನೋಡುತ್ತ ನಡೆದರು.

ಮನೆಯಲ್ಲಿ ಸಭೆ ಕೂಡಿತ್ತು. ರೇವಣಸಿದ್ದಪ್ಪ ಬಾಗಿಲಲ್ಲೇ ಗಡಿಯಾರ ನೋಡಿ "ಇನ್ನು ಸ್ವಲ್ಪ ಹೊತ್ತು ಬಿಟ್ಟು ಒಳಗೆ ತನ್ನಿ" ಎಂದ. ಸಂಜೆಯ ಹಾಲಿಗೆ ಬಂದಿದ್ದ ಮುದ್ದಮ್ಮ "ಗಳ ಎಲ್ಲಿ?" ಎಂದಳು. ತೊಟ್ಟಿಯೊಳಗೆ ಅಡ್ಡ ಕಟ್ಟಲು ಏನು ಹುಡುಕುವುದು? ಇಂದುಧರ ಸದ್ದಿಲ್ಲದೆ ಅಡುಗೆಮನೆಗೆ ಹೋಗಿ ಸೊಪ್ಪು ತೊಳೆಯುವ ಪ್ಲಾಸ್ಟಿಕ್ ತೂತಿನ ಬುಟ್ಟಿ ತಂದ. ತೊಟ್ಟಿಯ ನೀರನ್ನು ತಂಬಿಗೆಗೆ ಸ್ವಲ್ಪ ಸ್ವಲ್ಪ ಸೇರಿಸುತ್ತ ಮೀನಿಗೆ ಒಗ್ಗಿಸಿ, ಬುಟ್ಟಿಯನ್ನು ಮರಳಿನ ಮೇಲೆ ಬೋರಲು ಹಾಕಿ, ಒಳಗೆ ಸಾಧುವನ್ನು ಬಿಟ್ಟ.

"ಅಣ್ಣಯ್ಯ, ಕೂತ್ಕೊಳಿ, ಕಾಫಿ..." ಎನ್ನುತ್ತ ಬಂದ ಕಮಲಾಕ್ಷಮ್ಮ ತೊಟ್ಟಿ ನೋಡಿ ನಿಂತಳು. "ರೀ! ನನ್ನ ಸೊಪ್ಪಿನ ಬುಟ್ಟಿ!"

"ಶ್! ಅಮಲ್ದಾರ ಬಂದ!"

ಎಲ್ಲರೂ ಗಾಜಿನ ಕಡೆ ಬಗ್ಗಿದರು. ಅಮಲ್ದಾರ ಬುಟ್ಟಿಯ ಸುತ್ತ ಒಂದು ಪ್ರದಕ್ಷಿಣೆ ಬಂದ. ತೂತಿನಲ್ಲಿ ಇಣುಕಿದ. ಸಾಧು ಒಳಗಿಂದ ಬೇಸರದ ಮುಖದಲ್ಲಿ ನೋಡಿತು. ಅಮಲ್ದಾರ ಬಾಲ ಒದರಿ, ನೋಡಿದ್ದು ಸಾಕೆಂಬಂತೆ ತನ್ನ ಕಲ್ಲಿನ ಕಡೆ ಹೊರಟುಹೋದ.

"ಹೊಂದ್ಕಂತು!" ಎಂದಳು ಮುದ್ದಮ್ಮ.

"ಗಳಿಗೆ ಚೆನ್ನಾಗಿತ್ತು," ಎಂದ ರೇವಣಸಿದ್ದಪ್ಪ.

ಇಂದುಧರನಿಗೆ ಸಂತೋಷ ತಡೆಯಲಾಗಲಿಲ್ಲ. ಕುರ್ಚಿ ಎಳೆದುಕೊಂಡು ಗಾಜಿನ ಮುಂದೆ ಕೂತು "ಏನಪ್ಪ ಅಮಲ್ದಾರ, ಒಪ್ಪಿಗೆ ಆಯ್ತಾ?" ಎಂದು ಟಕ್ ಟಕ್ ಎಂದ.

ಅಮಲ್ದಾರ ಗುಂಡು ಹಾರಿದಂತೆ ಬಂದು ಬುಟ್ಟಿಗೆ ಢೀ ಕೊಟ್ಟ. ಬುಟ್ಟಿ ಅಲ್ಲಾಡಿತು, ಮರಳು ಎದ್ದಿತು, ಸಾಧು ಗುಳಿಯೊಳಗೆ ಮಾಯವಾಯಿತು.

"ಅಯ್ಯೋ, ಶುರುವಾಯ್ತು!" ಎಂದು ಕಮಲಾಕ್ಷಮ್ಮ ತಲೆಗೆ ಕೈ ಹೊತ್ತಳು. "ನಾಳೆ ಬೆಳಿಗ್ಗೆನೇ ಗಾಡಿ ಕರೆಸ್ತೀನಿ."

ಇಂದುಧರ ಅವಳ ಮುಖ ನೋಡಲಾಗದೆ ಜಗಲಿಗೆ ಹೋಗಿ ನಿಂತ. ಆಮೇಲೆ ಕೆಳಗಿಳಿದು ಬೀದಿಯ ಕಂಬಕ್ಕೆ ಟಕ್ ಟಕ್ ಬಡಿಯುತ್ತ ಹೊತ್ತು ಕಳೆದ. ಮತ್ತೆ ಒಳಗೆ ಬಂದರೆ ತೊಟ್ಟಿ ಕೆರೆಯಂತೆ ಶಾಂತವಾಗಿದೆ. ಸಾಧು ತಲೆ ಹೊರಗಿಟ್ಟಿದೆ, ಅಮಲ್ದಾರ ಬುಟ್ಟಿಗೆ ಒರಗಿದಂತೆ ತೇಲುತ್ತಿದ್ದಾನೆ. "ನೋಡಿದ್ಯಾ!" ಎಂದು ಹಿಗ್ಗಿ ಗಾಜಿಗೆ ಟಕ್ ಟಕ್ ಎಂದ. ಮತ್ತೆ ಢೀ! ಮತ್ತೆ ಮರಳು!

ಆ ಹೊತ್ತಿನವರೆಗೆ ಮೂಲೆಯ ಚಾಪೆಯ ಮೇಲೆ ಖಾಲಿ ತಂಬಿಗೆ ಹಿಡಿದು ಕೂತಿದ್ದ ಷಡಕ್ಷರಪ್ಪ ಗಂಟಲು ಸರಿ ಮಾಡಿಕೊಂಡರು.

"ಇಂದುಧರ," ಎಂದರು. "ಕೈ."

"ಏನು ಭಾವ?"

"ಕೈ ತೆಗಿ."

ರೇವಣಸಿದ್ದಪ್ಪ ನಂಬಲಾರದೆ "ಎಲ್ಲಿ, ಇನ್ನೊಂದ್ಸಲ ಬಡೀರಿ" ಎಂದ. ಇಂದುಧರ ಬಡಿದ. ಢೀ! ಕಮಲಾಕ್ಷಮ್ಮ ಗಂಡನ ಬೆರಳನ್ನೂ ಉಂಗುರವನ್ನೂ ಅಮಲ್ದಾರನನ್ನೂ ಒಂದಾದ ಮೇಲೊಂದು ನೋಡಿದಳು.

"ಹಂಗಾದ್ರೆ ಆ ಮೂರನ್ನೂ ಕೊಂದದ್ದು..."

"ಅದಕ್ಕೆ ಖುಷಿ ಅಂತ ತಿಳ್ಕೊಂಡಿದ್ದೆ ಕಣೇ," ಎಂದ ಇಂದುಧರ, ಸಣ್ಣ ದನಿಯಲ್ಲಿ.

"ಖುಷಿನಾ! ಪಾಪ, ದಿನಾ ಸಂಜೆ ನಿಮ್ಮ ಕಾಟ ತಡೀಲಾರದೆ ಪಕ್ಕದಲ್ಲಿದ್ದೋರ ಮೇಲೆ ಹರಿಹಾಯ್ತಿತ್ತು! ನಾನೂ ಅಷ್ಟೇ ಮಾಡೋದು!"

"ತಪ್ಪು ನಮ್ಮದೂ ಇದೆ," ಎಂದ ರೇವಣಸಿದ್ದಪ್ಪ ಗಂಭೀರವಾಗಿ. "ಹೊಂದಾಣಿಕೆ ನೋಡುವಾಗ ಮೀನಿಂದು ಮಾತ್ರ ನೋಡಿದ್ವಿ. ಯಜಮಾನಂದು ನೋಡ್ಲಿಲ್ಲ."

ಉಂಗುರ ತೆಗೆದರೆ ಆಯಿತಲ್ಲ ಎಂದರು. ಸೋಪು ಹಚ್ಚಿದರು, ಹರಳೆಣ್ಣೆ ಹಚ್ಚಿದರು, ಮುದ್ದಮ್ಮ ದಾರ ಸುತ್ತಿ ಎಳೆದಳು. ಮದುವೆಯಲ್ಲಿ ಹೊಕ್ಕ ಉಂಗುರ, ಬೆರಳು ಬದನೇಕಾಯಿಯಾಯಿತೇ ಹೊರತು ಅದು ಕದಲಲಿಲ್ಲ. ಬೆರಳಿಗೆ ಬಟ್ಟೆ ಸುತ್ತಿ ಕೂರಿಸಿದರು. ಸ್ವಲ್ಪ ಹೊತ್ತಿಗೆ ಇನ್ನೊಂದು ಕೈಯ ಉಗುರು ತಾನಾಗಿ ಗಾಜಿನ ಕಡೆ ಹೊರಟಿತ್ತು. ಕೈಯ ಮೇಲೆ ಕೂತ. ಕಾಲು ನೆಲಕ್ಕೆ ಟಕ್ ಟಕ್ ಎಂದಿತು.

ಮಾರನೆಯ ದಿನ, ಸೋಮವಾರ ಬೆಳಿಗ್ಗೆ, ಕಮಲಾಕ್ಷಮ್ಮ ದೀಪ ಹಾಕಿ ನೋಡಿದಳು. ಮೇಲೆ ಏನೂ ತೇಲುತ್ತಿರಲಿಲ್ಲ. ಬುಟ್ಟಿ ಎತ್ತಿದಳು. ಅಮಲ್ದಾರ ಮೇಲೆ, ಸಾಧು ಕೆಳಗೆ, ಹಳೇ ನೆರೆಹೊರೆಯವರ ಹಾಗೆ. ಚಾಪೆಯ ಮೇಲಿಂದ ಎದ್ದು ಬಂದ ಅಣ್ಣ ಗಾಜಿನ ಮುಂದೆ ನಿಂತದ್ದೇ ತಡ, ಸಾಧು ಗುಳಿಯಿಂದ ಅರ್ಧ ಮೈ ಹೊರಗೆ ಹಾಕಿ ಅವರನ್ನೇ ನೋಡುತ್ತ ಕೂತಿತು. ಅವರೂ ಅದನ್ನೇ ನೋಡುತ್ತ ನಿಂತರು.

"ಅಣ್ಣಯ್ಯ, ನೀವಿದ್ರೆ ಎಷ್ಟು ಸಮಾಧಾನವಾಗಿವೆ ನೋಡಿ," ಎಂದಳು ಕಮಲಾಕ್ಷಮ್ಮ. "ಪೂರ್ತಿ ಒಗ್ಗೋತನಕ ಇದ್ದು ಹೋಗಿ. ಚಾಪೆ ಮೇಲೆ ಯಾಕೆ, ಕುರ್ಚಿ ಮೇಲೆ ಕೂತ್ಕೊಳಿ."

"ಹೂಂ," ಎಂದರು ಷಡಕ್ಷರಪ್ಪ. ಅವತ್ತಿನ ಮಾತು ಅಲ್ಲಿಗೆ ಮುಗಿಯಿತು.

ತೊಟ್ಟಿ ಉಳಿಯಿತು, ಹವಳ ಉಳಿಯಿತು, ಅಮಲ್ದಾರನೂ ಅವನ ಜೊತೆಗಾರನೂ ಉಳಿದರು. ಒಂದು ಮೀನಿಗೆ ಜೊತೆ ತರಲು ಹೋದ ಇಂದುಧರ ಇಬ್ಬರನ್ನು ತಂದಿದ್ದ, ಇಬ್ಬರೂ ಹೊಂದಿಕೊಂಡರು. ಈಗ ಹೆಂಡತಿಯ ಅಪ್ಪಣೆಯಂತೆ ಅವನು ಸಂಜೆ ಮಂಡಿಯಿಂದ ಬಂದು ಜಗಲಿಯ ಮೇಲೆ ಹಳೇ ಗೋಣಿಚೀಲ ಹಾಸಿಕೊಂಡು ಕೂರುತ್ತಾನೆ. ಒಳಗಿನ ನೀಲಿ ಬೆಳಕು ಹೊಸಿಲು ದಾಟಿ ಅವನ ಪಾದದವರೆಗೆ ಬರುತ್ತದೆ, ನೀರಿನ ಗುಳುಗುಳು ಕೇಳಿಸುತ್ತದೆ. ಅಷ್ಟೂ ಅವನಿಗೆ ಹಿತವಾಗಿಯೇ ಇದೆ. ಮೈಮರೆತು ಜಗಲಿಯ ಕಲ್ಲಿಗೆ ಟಕ್ ಎಂದರೆ ಮಾತ್ರ ಒಳಗಿಂದ "ರೀ!" ಎಂಬ ಕೂಗು ಬರುತ್ತದೆ.

ಷಡಕ್ಷರಪ್ಪನವರು ಇನ್ನೂ ಹೋಗಿಲ್ಲ, ಬೆತ್ತದ ಕುರ್ಚಿಯಲ್ಲಿದ್ದಾರೆ. ಆ ಹಜಾರದಿಂದ ಹೊರಟವನು ಇಂದುಧರನೊಬ್ಬನೇ, ಅದೂ ಆ ಸೋಮವಾರವೇ.